ಕೀಲಿನ ಸಡಿಲ, ಕೈಯ ಮರೆವು

ಮಂಡಿಯದೂ ಕೀಲು, ಬಾಗಿಲಿನದೂ ಕೀಲು. ಎತ್ತಿನ ಗಾಡಿಯ ಅಚ್ಚಿಗೆ ಸವರುವುದು ಕೀಲೆಣ್ಣೆ. ಎರಡು ಗಟ್ಟಿ ವಸ್ತುಗಳು ಒಂದನ್ನೊಂದು ಬಿಟ್ಟುಕೊಡದೆ, ಒಂದರೊಳಗೊಂದು ಹೊರಳುತ್ತ ಭಾರ ಹೊರುವ ಜಾಗಕ್ಕೆಲ್ಲ ಕನ್ನಡ ಒಂದೇ ಹೆಸರಿಟ್ಟಿದೆ. ಆ ಜಾಗದ ಕಷ್ಟವೂ ಎಲ್ಲ ಕಡೆ ಒಂದೇ. ಹೊರಳಬೇಕಾದರೆ ಕೂದಲೆಳೆಯಷ್ಟು ಎಡೆ ಬೇಕು. ಎಡೆ ಹೆಚ್ಚಾದರೆ ಹಿಡಿತ ಹೋಗುತ್ತದೆ. ಕಾರಿನ ಮುಂಚಕ್ರಗಳು ನಿಂತಿರುವುದು ಇಂಥ ಕೀಲುಗಳ ನಂಬಿಕೆಯ ಮೇಲೆ. ಚಾಲಕ ಸ್ಟೀರಿಂಗ್ ತಿರುಗಿಸಿದಾಗ ಆ ತಿರುವು ಪಿನಿಯನ್ ಎಂಬ ಪುಟ್ಟ ಹಲ್ಲುಗಾಲಿಗೆ ಇಳಿಯುತ್ತದೆ. ಅದು ರ‍್ಯಾಕ್ ಎಂಬ ಹಲ್ಲಿನ ಸರಳನ್ನು ಎಡಕ್ಕೋ ಬಲಕ್ಕೋ ಜಾರಿಸುತ್ತದೆ. ಸರಳಿನ ಎರಡು ತುದಿಗಳಿಂದ ಹೊರಟ ಟೈ ರಾಡ್‌ಗಳು ಚಕ್ರ ಕೂತಿರುವ ನಕಲ್ ಎಂಬ ಉಕ್ಕಿನ ತುಂಡನ್ನು ಎಳೆಯುತ್ತವೆ, ಇಲ್ಲವೆ ತಳ್ಳುತ್ತವೆ. ಆ ನಕಲ್ ಕೆಳಗೆ ಬಾಲ್ ಜಾಯಿಂಟ್ ಮೂಲಕ ಲೋಯರ್ ಆರ್ಮ್‌ಗೆ, ಆ ಆರ್ಮ್ ರಬ್ಬರ್ ಬುಶ್‌ಗಳ ಮೂಲಕ ಕಾರಿನ ಒಡಲಿಗೆ ಸೇರಿದೆ. ಮೇಲ್ಗಡೆ ಅದನ್ನು ಹಿಡಿದಿರುವುದು ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಎರಡೂ ಒಂದಾದ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಈ ಜೋಡಣೆ, 1983ರಲ್ಲಿ ಬಂದ ಮಾರುತಿ 800ರಿಂದ ಹಿಡಿದು ಇಂದಿನ ಬಹುತೇಕ ಸಣ್ಣ ಕಾರುಗಳವರೆಗೆ ನಮ್ಮ ರಸ್ತೆಗಳಲ್ಲಿ ಓಡುತ್ತಿದೆ. ರಸ್ತೆಯನ್ನು ಮುಟ್ಟುವ ಅಂಗೈಯಗಲದ ರಬ್ಬರಿಗೂ ಚಾಲಕನ ಅಂಗೈಗೂ ನಡುವೆ ಇರುವುದು ಇಷ್ಟೂ ಕೀಲುಗಳ ಸರಪಳಿ.

ಸರಪಳಿಯ ಒಂದೊಂದು ಕೊಂಡಿಯೂ ತನ್ನದೇ ರೀತಿಯಲ್ಲಿ ಸವೆಯುತ್ತದೆ. ಬಾಲ್ ಜಾಯಿಂಟ್ ನಮ್ಮ ತೊಡೆಯ ಕೀಲಿನಂತೆಯೇ ಒಂದು ಗುಂಡು, ಒಂದು ಬಟ್ಟಲು. ನುಣುಪಾದ ಉಕ್ಕಿನ ಗುಂಡು, ಸುತ್ತ ಗ್ರೀಸು, ಅದನ್ನು ಕಾಯಲು ಹೊರಗೊಂದು ರಬ್ಬರ್ ಟೋಪಿ. ಆ ಟೋಪಿ ಹರಿಯುವವರೆಗೆ ಕೀಲು ವರ್ಷಗಟ್ಟಲೆ ತಾಳುತ್ತದೆ. ಹರಿದ ಮೇಲೆ ಮಳೆಗಾಲದ ನೀರು ಗ್ರೀಸನ್ನು ತೊಳೆಯುತ್ತದೆ, ರಸ್ತೆಯ ಧೂಳು ಒಳಸೇರಿ ಉಜ್ಜುಕಾಗದದಂತೆ ಗುಂಡನ್ನು ತಿನ್ನತೊಡಗುತ್ತದೆ. ಹೀಗಾಗಿ ಹರಿದ ಟೋಪಿ ಸಣ್ಣ ಪುಟ್ಟ ದೋಷವಲ್ಲ. ಕೀಲಿನ ಕೊನೆಗಾಲ ಶುರುವಾಯಿತು ಎಂದೇ ಅರ್ಥ. ಬುಶ್‌ನ ಕಥೆ ಬೇರೆ. ಅಲ್ಲಿ ಯಾವುದೂ ಹೊರಳಿ ಸವೆಯುವುದಿಲ್ಲ. ರಬ್ಬರೇ ತಿರುಚಿಕೊಂಡು ಹಿಂದಿರುಗುತ್ತದೆ. ಬಿಸಿ, ಸೋರಿದ ಎಣ್ಣೆ, ಗಾಳಿಯ ಓಜೋನ್ ಮೂರೂ ಸೇರಿ ಅದನ್ನು ಬಿರಿಯುವಂತೆ ಮಾಡುತ್ತವೆ. ಶಾಕ್ ಅಬ್ಸಾರ್ಬರ್‌ನಲ್ಲಿ ಸಣ್ಣ ಕವಾಟಗಳ ಮೂಲಕ ಎಣ್ಣೆಯನ್ನು ನುಗ್ಗಿಸಿ ಕುಲುಕಾಟವನ್ನು ಬಿಸಿಯಾಗಿ ಮಾರ್ಪಡಿಸುವ ಕೆಲಸ ನಡೆಯುತ್ತದೆ. ಎಣ್ಣೆ ಸೋರಿದರೆ, ಕವಾಟ ಸವೆದರೆ ಆ ಬಲ ಇಳಿಯುತ್ತ ಹೋಗುತ್ತದೆ. ದಾರಿ ಮೂರಾದರೂ ಗುಣ ಒಂದೇ: ಸಾಮಾನ್ಯವಾಗಿ ಇವು ಒಂದು ದಿನದಲ್ಲಿ ಕೆಡುವುದಿಲ್ಲ. ಅವುಗಳ ಅಪಾಯ ಇರುವುದೂ ಆ ನಿಧಾನದಲ್ಲಿಯೇ.

ಯಾಕೆಂದರೆ ನಮ್ಮ ಇಂದ್ರಿಯಗಳು ನಿಧಾನವನ್ನು ಅಳೆಯಲು ಹುಟ್ಟಿದವಲ್ಲ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅಂಗರಚನಾ ಶಾಸ್ತ್ರ ಕಲಿಸುತ್ತಿದ್ದ ಅರ್ನ್ಸ್ಟ್ ಹೈನ್ರಿಷ್ ವೇಬರ್, ಸ್ಪರ್ಶದ ಬಗ್ಗೆ 1834ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಬುಡವನ್ನು ತೋರಿಸಿಕೊಟ್ಟ. ಕೈಯಲ್ಲಿರುವ ತೂಕಕ್ಕೆ ಎಷ್ಟು ಸೇರಿಸಿದರೆ ಹೆಚ್ಚಾಯಿತು ಎಂದು ಗೊತ್ತಾಗುತ್ತದೆ? ಸೇರಿಸಿದ್ದು ಎಷ್ಟು ಗ್ರಾಂ ಎಂಬುದು ಅದನ್ನು ನಿರ್ಧರಿಸುವುದಿಲ್ಲ. ಮೊದಲಿದ್ದ ತೂಕಕ್ಕೆ ಅದು ಎಷ್ಟನೆಯ ಪಾಲು ಎಂಬುದು ನಿರ್ಧರಿಸುತ್ತದೆ. ಆ ಪಾಲು ಒಂದು ಮಿತಿಗಿಂತ ಕಡಿಮೆಯಿದ್ದರೆ ಬದಲಾವಣೆ ನಡೆದೂ ನಡೆಯದಂತೆ. ಈ ಮಾತನ್ನು ಸ್ಟೀರಿಂಗ್‌ಗೆ ಅನ್ವಯಿಸಿ ನೋಡೋಣ. ಮೂರು ವರ್ಷಗಳಲ್ಲಿ ಸ್ಟೀರಿಂಗ್ ಅಂಚಿನ ಆಟ (ಚಕ್ರ ತಿರುಗದೆ ಸ್ಟೀರಿಂಗ್ ಮಾತ್ರ ಅಲುಗುವ ಅಂತರ) 20 ಮಿಲಿಮೀಟರ್ ಹೆಚ್ಚಿತು ಎಂದುಕೊಂಡರೆ, ದಿನವೊಂದಕ್ಕೆ ಹೆಚ್ಚಿದ್ದು ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗಕ್ಕೂ ಕಡಿಮೆ. ಯಾವ ಬೆಳಿಗ್ಗೆಯೂ ನಿನ್ನೆಗಿಂತ ಬೇರೆ ಎನಿಸುವುದಿಲ್ಲ. ಇಷ್ಟರ ಮೇಲೆ ಚಾಲಕ ಸುಮ್ಮನೆ ಕೂತಿರುವುದೂ ಇಲ್ಲ. ಕಾರು ಎಡಕ್ಕೆ ಎಳೆದರೆ ಅವನ ಕೈ ಕೇಳದೆಯೇ ಬಲಕ್ಕೆ ಸ್ವಲ್ಪ ಹಿಡಿಯುತ್ತದೆ. ಬ್ರೇಕಿನಲ್ಲಿ ಮೂತಿ ತಿರುಗಿದರೆ ಪಾದ ಮೊದಲೇ ಮೃದುವಾಗುತ್ತದೆ. ಕಾರಿನ ಕೊರತೆಯನ್ನು ಮನುಷ್ಯ ತನ್ನ ಚಳಕದಿಂದ ತುಂಬಿಕೊಡುತ್ತ, ತುಂಬಿಕೊಟ್ಟದ್ದನ್ನೇ ಮರೆಯುತ್ತಾನೆ. ವಿದ್ಯುತ್ ಮೋಟಾರಿನ ಪವರ್ ಸ್ಟೀರಿಂಗ್ ಬಂದ ಮೇಲೆ ರಸ್ತೆಯಿಂದ ಕೈಗೆ ಏರುತ್ತಿದ್ದ ಸುದ್ದಿಯಲ್ಲಿ ಒಂದಷ್ಟು ದಾರಿಯಲ್ಲೇ ಉಳಿದುಬಿಡುತ್ತದೆ.

ಇಪ್ಪತ್ತು ವರ್ಷ ಗಾಡಿ ಓಡಿಸಿದವನಿಗೆ ತನ್ನ ಗಾಡಿಯ ನಾಡಿ ಗೊತ್ತಿರುವುದಿಲ್ಲವೇ ಎಂಬ ಆಕ್ಷೇಪ ಸಹಜ, ಅದರಲ್ಲಿ ಅರ್ಧ ಸತ್ಯವೂ ಇದೆ. ಅನುಭವಸ್ಥನೊಬ್ಬ ಬೇರೆಯವರ ಕಾರಿನಲ್ಲಿ ಕೂತ ಎರಡೇ ನಿಮಿಷಕ್ಕೆ ಅದರ ಸಡಿಲವನ್ನು ಹಿಡಿಯಬಲ್ಲ. ಅದೇ ಮನುಷ್ಯ ತನ್ನ ಕಾರಿನಲ್ಲಿ ಅದಕ್ಕಿಂತ ದೊಡ್ಡ ಸಡಿಲವನ್ನು ವರ್ಷಗಟ್ಟಲೆ ಸಹಿಸಬಲ್ಲ. ಅವನ ಜಾಣ್ಮೆ ಎರಡೂ ಕಡೆ ಒಂದೇ, ಬದಲಾದದ್ದು ಹೋಲಿಕೆ. ಬೇರೆಯವರ ಕಾರು ಅವನಿಗೆ ತನ್ನ ಕಾರಿನ ಪಕ್ಕದಲ್ಲಿ ನಿಲ್ಲುತ್ತದೆ. ತನ್ನ ಕಾರಿನ ಪಕ್ಕದಲ್ಲಿ ನಿಲ್ಲಬೇಕಾದ ಮೂರು ವರ್ಷ ಹಿಂದಿನ ಅದೇ ಕಾರು ನೆನಪಿನಲ್ಲಿ ಉಳಿದಿಲ್ಲ. ಈ ಅಧ್ಯಾಯದ ವಾದ ಇಷ್ಟೇ: ಸವೆತವನ್ನು ಗುರುತಿಸುವುದು ಎಂದರೆ ಹೋಲಿಕೆಯೊಂದನ್ನು ಕಟ್ಟುವುದು. ಕಾಲದಲ್ಲಿ ಹರಡಿಹೋದ ಬದಲಾವಣೆಯನ್ನು ಎಡ–ಬಲ, ಒಳ–ಹೊರ, ಭಾರವಿದ್ದಾಗ–ಇಲ್ಲದಾಗ ಎಂದು ಕಣ್ಣ ಮುಂದೆ ಅಕ್ಕಪಕ್ಕ ಇಡಬೇಕು. ಗ್ಯಾರೇಜಿನ ಒಳ್ಳೆಯ ಪರೀಕ್ಷೆಗಳೆಲ್ಲ, ಮಾಡುವವರು ಹಾಗೆ ಹೇಳದಿದ್ದರೂ, ಇದನ್ನೇ ಮಾಡುತ್ತವೆ.

ಎಲ್ಲಕ್ಕಿಂತ ಸರಳವಾದದ್ದು ಚಕ್ರವನ್ನು ಎತ್ತಿ ಅಲುಗಿಸುವುದು. ಮುಂಚಕ್ರ ನೆಲ ಬಿಟ್ಟಮೇಲೆ ಅದನ್ನು ಗಡಿಯಾರದ ಮುಖ ಎಂದುಕೊಳ್ಳಬೇಕು. ಮೂರು ಮತ್ತು ಒಂಬತ್ತರ ಜಾಗ ಹಿಡಿದು ಅಲುಗಿಸಿದಾಗ ಆಟ ಸಿಕ್ಕಿ, ಹನ್ನೆರಡು ಮತ್ತು ಆರರಲ್ಲಿ ಸಿಗದಿದ್ದರೆ ಸಂಶಯ ಟೈ ರಾಡ್ ಎಂಡ್ ಎಂಬ ತುದಿಯ ಕೀಲು ಅಥವಾ ರ‍್ಯಾಕ್ ಕಡೆಗೆ ಹೋಗಬೇಕು. ಅಡ್ಡಲಾಗಿ ಎಳೆಯುವ ಕೆಲಸ ಅವುಗಳದು. ಹನ್ನೆರಡು ಮತ್ತು ಆರರಲ್ಲಿ ಮಾತ್ರ ಸಿಕ್ಕರೆ ಬಾಲ್ ಜಾಯಿಂಟ್ ಕಡೆಗೆ. ಎರಡೂ ಕಡೆ ಸಿಕ್ಕರೆ ಚಕ್ರದ ಬೇರಿಂಗ್ ಸಡಿಲವಾಗಿರಬಹುದು. ಇದನ್ನು ಬೇರ್ಪಡಿಸಲು ಇನ್ನೂ ಒಂದು ಹೋಲಿಕೆ ಇದೆ. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಮತ್ತೆ ಅಲುಗಿಸಿ. ಬ್ರೇಕಿನ ಹಿಡಿತ ತಿರುಗುವ ಡಿಸ್ಕನ್ನೂ ತಿರುಗದ ನಕಲನ್ನೂ ಒಂದೇ ತುಂಡಿನಂತೆ ಕಚ್ಚಿಕೊಳ್ಳುತ್ತದೆ, ಅವೆರಡರ ನಡುವಿನ ಬೇರಿಂಗ್‌ನ ಆಟ ಮಾಯವಾಗುತ್ತದೆ. ಬ್ರೇಕ್ ಒತ್ತಿದರೂ ಅಲುಗಾಟ ಉಳಿದರೆ ತಪ್ಪು ಬೇರಿಂಗ್‌ನದಲ್ಲ, ಆಚೆಯ ಕೀಲಿನದು. ಯಂತ್ರವಿಲ್ಲ, ಖರ್ಚಿಲ್ಲ, ಒಂದನ್ನು ತಡೆದು ಇನ್ನೊಂದನ್ನು ಬಿಟ್ಟು ನೋಡುವ ವಿಜ್ಞಾನದ ಹಳೆಯ ವಿಧಾನವೇ ಇದು. ಒಂದೇ ಷರತ್ತು: ಬರೀ ಜಾಕ್ ಮೇಲೆ ನಿಂತ ಕಾರಿನಡಿ ಯಾರೂ ತಲೆ ತೂರಿಸಬಾರದು. ಗಟ್ಟಿ ಸ್ಟ್ಯಾಂಡ್ ಇರಲೇಬೇಕು.

ಚಕ್ರ ಎತ್ತಿದ ಮಾತ್ರಕ್ಕೆ ಎಲ್ಲ ಕೀಲುಗಳೂ ಸತ್ಯ ಹೇಳುತ್ತವೆ ಎಂದು ನಂಬುವಂತಿಲ್ಲ. ಆಟ ಕಾಣಬೇಕಾದರೆ ಗುಂಡಿಗೂ ಬಟ್ಟಲಿಗೂ ನಡುವೆ ಒತ್ತಡ ಇರಬಾರದು. ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ ಕಾರಿನ ಭಾರ ಮೇಲಿಂದ ನೇರ ಸ್ಟ್ರಟ್ ಮೂಲಕ ಚಕ್ರಕ್ಕೆ ಇಳಿಯುತ್ತದೆ. ಕೆಳಗಿನ ಬಾಲ್ ಜಾಯಿಂಟ್ ಚಕ್ರದ ಜಾಗ ಕಾಯುತ್ತದೆಯೇ ಹೊರತು ಕಾರಿನ ಭಾರ ಹೊರುವುದಿಲ್ಲ. ಒಡಲಿಗೆ ಜಾಕ್ ಕೊಟ್ಟು ಚಕ್ರವನ್ನು ಜೋತುಬಿಟ್ಟರೆ ಅದರ ಸಡಿಲ ಉದ್ದನೆಯ ಕಬ್ಬಿಣದ ಸಲಾಕೆಯಿಂದ ಮೀಟಿದಾಗ ಸಿಗುತ್ತದೆ. ಮೇಲೊಂದು ಕೆಳಗೊಂದು ಆರ್ಮ್ ಇದ್ದು, ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕೂತಿರುವ ಮೊದಲ ತಲೆಮಾರಿನ ಇನ್ನೋವಾದಂಥ ವಾಹನಗಳಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಇಡೀ ಭಾರ ಕೆಳಗಿನ ಕೀಲಿನ ಮೂಲಕವೇ ಹಾಯುತ್ತದೆ. ಚಾಸಿಗೆ ಜಾಕ್ ಕೊಟ್ಟು ಎತ್ತಿದರೂ ಸ್ಪ್ರಿಂಗ್ ಆರ್ಮನ್ನು ಕೆಳಗೆ ಅದುಮುತ್ತಲೇ ಇರುವುದರಿಂದ ಸವೆದ ಕೀಲು ಬಿಗಿಯಾಗಿಯೇ ಕಾಣಬಹುದು. ಜಾಕನ್ನು ಕೆಳಗಿನ ಆರ್ಮ್‌ಗೇ ಕೊಟ್ಟು ಸ್ಪ್ರಿಂಗಿನ ಒತ್ತಡವನ್ನು ಅಲ್ಲೇ ತಡೆದರೆ ಮಾತ್ರ ಕೀಲು ಬಿಡುವಾಗಿ ತನ್ನ ಸಡಿಲವನ್ನು ತೋರುತ್ತದೆ. ಟೈ ರಾಡ್ ಎಂಡ್‌ಗೆ ಇದಕ್ಕೂ ಬೇರೆ ಉಪಾಯವಿದೆ. ಚಕ್ರಗಳು ನೆಲದ ಮೇಲೇ ಇರಲಿ, ಒಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಚೂರು ಚೂರೇ ಆಡಿಸಲಿ, ಇನ್ನೊಬ್ಬರು ಕೀಲಿನ ಎರಡೂ ಭಾಗದ ಮೇಲೆ ಬೆರಳಿಟ್ಟಿರಲಿ. ಒಂದು ಭಾಗ ಹೊರಟ ಮೇಲೆ ಇನ್ನೊಂದು ತಡವಾಗಿ ಹೊರಟರೆ ಆ ತಡವೇ ಸವೆತ. ಬೆರಳಿಗೆ ಇಲ್ಲಿ ಹೋಲಿಸಲು ಎರಡು ವಸ್ತುಗಳು ಒಂದೇ ಕ್ಷಣದಲ್ಲಿ ಸಿಕ್ಕಿವೆ. ಆದ್ದರಿಂದಲೇ ಸ್ಟೀರಿಂಗ್ ಹಿಡಿದ ಕೈಗೆ ಸಿಗದದ್ದು ಈ ಬೆರಳಿಗೆ ಸಿಗುತ್ತದೆ.

ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ಊರೆಲ್ಲ ಬಲ್ಲ ಪರೀಕ್ಷೆ ಒಂದಿದೆ: ಬಾನೆಟ್ಟಿನ ಮೂಲೆಯನ್ನು ಒತ್ತಿ ಬಿಡುವುದು. ಎರಡು ಮೂರು ಸಲ ಕುಪ್ಪಳಿಸಿದರೆ ಕೆಟ್ಟಿದೆ, ಒಮ್ಮೆಗೆ ನಿಂತರೆ ಸರಿಯಿದೆ ಎಂಬ ತೀರ್ಪು. ಇದರ ಮೊದಲರ್ಧ ಸರಿ, ಎರಡನೆಯದನ್ನು ಒಪ್ಪಲಾಗದು. ಕಾರಿನಲ್ಲಿ ಎರಡು ಬಗೆಯ ಕುಲುಕಾಟವಿದೆ. ಸ್ಪ್ರಿಂಗ್‌ಗಳ ಮೇಲೆ ಕೂತ ಒಡಲು ಸೆಕೆಂಡಿಗೆ ಹೆಚ್ಚುಕಡಿಮೆ ಒಂದೆರಡು ಸಲ ತೂಗುತ್ತದೆ. ಸ್ಪ್ರಿಂಗ್ ಮತ್ತು ಟೈರ್ ನಡುವೆ ಸಿಕ್ಕಿದ ಚಕ್ರ ಸೆಕೆಂಡಿಗೆ ಹತ್ತರಿಂದ ಹದಿನೈದು ಸಲ ಕುಣಿಯುತ್ತದೆ. ಕೈಯಿಂದ ಒತ್ತಿದಾಗ ಪರೀಕ್ಷೆಗೆ ಒಳಗಾಗುವುದು ಮೊದಲನೆಯದು ಮಾತ್ರ. ಟೈರನ್ನು ರಸ್ತೆಗೆ ಅಂಟಿಸಿಡುವುದು ಎರಡನೆಯದರ ಹಿಡಿತ. ಅಷ್ಟು ವೇಗದಲ್ಲಿ ಯಾವ ಕೈಯೂ ಕಾರನ್ನು ಒತ್ತಲಾರದು. ಯುರೋಪಿನ ತಪಾಸಣಾ ಕೇಂದ್ರಗಳಲ್ಲಿ ಚಕ್ರವನ್ನು ಕಂಪಿಸುವ ತಟ್ಟೆಯ ಮೇಲೆ ನಿಲ್ಲಿಸಿ, ಕಂಪನವನ್ನು ಸೆಕೆಂಡಿಗೆ 25ರಿಂದ ಇಳಿಸುತ್ತ ಬಂದು, ತಟ್ಟೆಯ ಮೇಲಿನ ಒತ್ತಡ ಕನಿಷ್ಠ ಎಲ್ಲಿಗೆ ಕುಸಿಯಿತು ಎಂದು ಅಳೆಯುವ ಪದ್ಧತಿ ಬಂದದ್ದು ಈ ಕಾರಣಕ್ಕೆ. ಅಂಥ ತಟ್ಟೆ ಇಲ್ಲದಿದ್ದರೂ ಗಣಿತ ನಮಗೆ ಒಂದು ಸುಳಿವು ಕೊಡುತ್ತದೆ. ಸಣ್ಣ ಕಾರಿನ ಟೈರಿನ ಸುತ್ತಳತೆ ಸುಮಾರು 1.8 ಮೀಟರ್. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 12 ಸುತ್ತು ಹಾಕುತ್ತದೆ. ಅದು ಚಕ್ರದ ಸ್ವಂತ ಕುಣಿತದ ಲಯವೇ. ಚಕ್ರದಲ್ಲಿ ಚೂರು ತೂಕದ ಏರುಪೇರು ಇದ್ದರೂ ಆ ವೇಗದ ಆಸುಪಾಸಿನಲ್ಲಿ ಉಯ್ಯಾಲೆಯನ್ನು ಸರಿಯಾದ ಸಮಯಕ್ಕೆ ನೂಕಿದಂತಾಗುತ್ತದೆ. ಸ್ಟೀರಿಂಗ್ ನಡುಕ 80–100ರ ನಡುವೆ ಎದ್ದು, ವೇಗ ಹೆಚ್ಚಿದರೆ ತಗ್ಗುವುದು ಇದರಿಂದ. ಬ್ಯಾಲೆನ್ಸಿಂಗ್ ಮಾಡಿಸಿದರೂ ನಡುಕ ಉಳಿದರೆ, ನೂಕುವ ಕೈಯನ್ನು ಬಿಟ್ಟು ಹಿಡಿಯಬೇಕಾದ ಕೈಯನ್ನು, ಅಂದರೆ ಶಾಕ್ ಅಬ್ಸಾರ್ಬರನ್ನೂ ಕೀಲುಗಳನ್ನೂ ಹುಡುಕಬೇಕು. ಹಾಗೆ ಕುಣಿದ ಚಕ್ರ ಟೈರಿನ ಸುತ್ತ ಅಲ್ಲಲ್ಲಿ ತಗ್ಗು ಕೊರೆದಿರುತ್ತದೆ.

ಟೈರ್ ನಿಜಕ್ಕೂ ಈ ಇಡೀ ಸರಪಳಿಯ ದಾಖಲೆ ಪುಸ್ತಕ. ಅದಕ್ಕೆ ಒಗ್ಗಿಹೋಗುವುದು ಗೊತ್ತಿಲ್ಲ, ಆದದ್ದನ್ನೆಲ್ಲ ಬರೆದಿಡುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡು ಸವೆದಿದ್ದರೆ ಗಾಳಿ ಹೆಚ್ಚು. ಇವು ಕೀಲಿನ ವಿಷಯವಲ್ಲ. ಒಂದೇ ಅಂಚು ಸವೆದಿದ್ದರೆ ಚಕ್ರ ವಾಲಿದೆ ಎಂದು ಮೊದಲ ಸಂಶಯ; ಬಗ್ಗಿದ ಆರ್ಮ್, ಕುಸಿದ ಬುಶ್, ಸವೆದ ಬಾಲ್ ಜಾಯಿಂಟ್ ಯಾವುದೂ ಕಾರಣವಾಗಿರಬಹುದು. ಎಲ್ಲಕ್ಕಿಂತ ಹೆಚ್ಚು ರಬ್ಬರ್ ತಿನ್ನುವುದು ಮುಂಚಕ್ರಗಳು ಒಳಮುಖವಾಗಿಯೋ ಹೊರಮುಖವಾಗಿಯೋ ತಿರುಗಿ ನಿಲ್ಲುವ ದೋಷ. ಗ್ಯಾರೇಜಿನಲ್ಲಿ ಇದರ ಹೆಸರು ಟೋ. ಒಂದು ಚಕ್ರದ ಮುಂಭಾಗ ಹಿಂಭಾಗಕ್ಕಿಂತ ಎರಡು ಮಿಲಿಮೀಟರ್ ಒಳಗೆ ಸರಿದಿದೆ ಎಂದುಕೊಳ್ಳಿ. ಟೈರಿನ ಅಡ್ಡಳತೆಯಲ್ಲಿ ಅದು ಡಿಗ್ರಿಯ ಐದನೆಯ ಒಂದು ಭಾಗದಷ್ಟು, ಬರಿಗಣ್ಣಿಗೆ ಕಾಣುವುದಿಲ್ಲ. ಆದರೆ ಜ್ಯಾಮಿತಿಯ ಲೆಕ್ಕದಲ್ಲಿ, ಚಕ್ರ ನೋಡುತ್ತಿರುವ ದಿಕ್ಕು ಮತ್ತು ಕಾರು ಹೋಗುತ್ತಿರುವ ದಿಕ್ಕು ಪ್ರತಿ ಕಿಲೋಮೀಟರಿಗೆ ಮೂರೂವರೆ ಮೀಟರ್‌ನಷ್ಟು ಬೇರೆಯಾಗುತ್ತವೆ. ಹತ್ತು ಸಾವಿರ ಕಿಲೋಮೀಟರಿಗೆ ಇದು 35 ಕಿಲೋಮೀಟರ್. ಅದರಲ್ಲಿ ಒಂದಷ್ಟನ್ನು ರಬ್ಬರ್ ಬಾಗಿ ನುಂಗಿಕೊಂಡರೂ ಉಳಿದದ್ದು ಟೈರನ್ನು ಡಾಂಬರಿನ ಮೇಲೆ ಅಡ್ಡಡ್ಡ ಉಜ್ಜುತ್ತದೆ. ಮೂರೋ ನಾಲ್ಕೋ ಕೂದಲೆಳೆಯಷ್ಟು ಸಡಿಲವಾದ ಟೈ ರಾಡ್ ಎಂಡ್ ಒಂದು ಜೊತೆ ಟೈರಿನ ಬೆಲೆಯನ್ನು ಕರಗಿಸುವುದು ಹೀಗೆ.

ಹಾಗಾದರೆ ವೀಲ್ ಅಲೈನ್‌ಮೆಂಟ್ ಯಂತ್ರ ಇರುವುದು ಯಾತಕ್ಕೆ, ಅದು ಈ ಕೋನವನ್ನೇ ಅಲ್ಲವೇ ಅಳೆಯುವುದು? ಅಳೆಯುತ್ತದೆ, ತುಂಬ ನಿಖರವಾಗಿಯೇ ಅಳೆಯುತ್ತದೆ. ಆದರೆ ನಿಂತ ಕಾರಿನಲ್ಲಿ. ಸಡಿಲವಾದ ಕೀಲಿಗೆ ಒಂದು ಜಾಗವೆಂಬುದಿಲ್ಲ. ತನ್ನ ಆಟದೊಳಗೆ ಅದು ಎಲ್ಲಿ ಬೇಕಾದರೂ ಕೂರಬಹುದು. ಬ್ರೇಕಿನಲ್ಲಿ ಚಕ್ರ ಹಿಂದಕ್ಕೆ ಸರಿಯುತ್ತದೆ, ಎಕ್ಸಲರೇಟರ್ ಒತ್ತಿದಾಗ ಮುಂದಕ್ಕೆ, ಗುಂಡಿಯಲ್ಲಿ ಇನ್ನೆಲ್ಲಿಗೋ. ಯಂತ್ರ ಓದಿದ್ದು ಅವುಗಳಲ್ಲಿ ಒಂದು ಕ್ಷಣದ ನಿಲುವನ್ನು. ಪರದೆಯಲ್ಲಿ ಹಸಿರು ಬಣ್ಣ ಬಂದು, ಮೂರೇ ತಿಂಗಳಲ್ಲಿ ಟೈರ್ ಮತ್ತೆ ಒಂದೇ ಬದಿ ಸವೆದರೆ ಯಂತ್ರ ಸುಳ್ಳು ಹೇಳಿತು ಎಂದಲ್ಲ, ಕೀಲು ನೋಡದೆ ಕೋನ ಸರಿಪಡಿಸಿದರು ಎಂದು ತಿಳಿಯಬೇಕು. ಕೀಲು ಮೊದಲು, ಕೋನ ಆಮೇಲೆ. ಈ ಕ್ರಮ ತಿರುಗಿದರೆ ಎರಡಕ್ಕೂ ಕೊಟ್ಟ ಹಣ ವ್ಯರ್ಥ.

ಸದ್ದು ಬರುವವರೆಗೆ ಚಿಂತೆಯಿಲ್ಲ ಎನ್ನುವವರೂ ಇದ್ದಾರೆ. ಸದ್ದು ಒಳ್ಳೆಯ ಸುಳಿವು, ಕೆಟ್ಟ ನ್ಯಾಯಾಧೀಶ. ಸಣ್ಣ ಗುಂಡಿಗಳ ಮೇಲೆ ನಿಧಾನ ಹೋಗುವಾಗ ಕಟಕಟ ಎಂದರೆ ಬಹಳ ಸಲ ಕಾರಣ, ತಿರುವಿನಲ್ಲಿ ಒಡಲು ವಾಲುವುದನ್ನು ತಗ್ಗಿಸುವ ಸ್ಟೆಬಿಲೈಜರ್‌ನ ಲಿಂಕ್ ರಾಡ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಕಿರುಗುಟ್ಟಿದರೆ ಸ್ಟ್ರಟ್‌ನ ಮೇಲಿನ ಮೌಂಟ್. ವೇಗದ ಜೊತೆಗೇ ಏರುವ ಗುಂಯ್‌ಗುಟ್ಟುವಿಕೆ ಎಡ ತಿರುವಿನಲ್ಲಿ ಜೋರಾದರೆ, ಆಗ ಭಾರ ಹೊತ್ತ ಬಲ ಚಕ್ರದ ಬೇರಿಂಗ್. ಇಲ್ಲಿಯೂ ಕೆಲಸ ಮಾಡಿದ್ದು ಎಡ–ಬಲದ ಹೋಲಿಕೆಯೇ. ಆದರೆ ಸದ್ದಿನ ಗಾತ್ರಕ್ಕೂ ಅಪಾಯದ ಗಾತ್ರಕ್ಕೂ ಸಂಬಂಧವಿಲ್ಲ. ಮುರಿದರೂ ಕಾರು ಮನೆ ಸೇರುವ ಲಿಂಕ್ ರಾಡ್ ಇಡೀ ದಾರಿ ಗಲಾಟೆ ಮಾಡುತ್ತದೆ. ಕಳಚಿದರೆ ಚಕ್ರವೇ ಮಡಚಿ ಬೀಳುವ ಬಾಲ್ ಜಾಯಿಂಟ್ ಬಹುಕಾಲ ಮೌನವಾಗಿರಬಲ್ಲದು. ಶಿರಾಡಿ, ಚಾರ್ಮಾಡಿಯಂಥ ಘಾಟಿಯ ತಿರುವಿನಲ್ಲಿ ಅಂಥ ಕೀಲಿನ ಮೊದಲ ಮಾತೇ ಕೊನೆಯ ಮಾತಾಗಬಹುದು.

ಇಷ್ಟೆಲ್ಲ ಪರೀಕ್ಷೆಯ ತಾಪತ್ರಯ ಬೇಡ, ಇಂತಿಷ್ಟು ಕಿಲೋಮೀಟರಿಗೆ ಎಲ್ಲವನ್ನೂ ಬದಲಿಸಿಬಿಟ್ಟರೆ ಆಯಿತಲ್ಲ ಎಂಬುದು ಕೊನೆಯ ಆಕ್ಷೇಪ. ಕಿಲೋಮೀಟರ್ ಎಂಬುದು ಸವೆತಕ್ಕೆ ಕಾರಣವಲ್ಲ, ಅಂದಾಜಿನ ಗುರುತು. ಟೋಪಿ ಹರಿಯದ ಕೀಲು ಲಕ್ಷ ದಾಟಬಹುದು, ಹರಿದದ್ದು ಒಂದು ಮಳೆಗಾಲವನ್ನೂ ದಾಟದಿರಬಹುದು. ಲೆಕ್ಕದ ಪ್ರಕಾರ ಬದಲಿಸಿದರೆ ಮೊದಲನೆಯದರಲ್ಲಿ ಹಣ ಹೋಗುತ್ತದೆ, ಎರಡನೆಯದರಲ್ಲಿ ಜೀವ. ಪುರಾವೆ ಕೇಳುವ ಅಭ್ಯಾಸ ಮಾಲೀಕನನ್ನು ಎರಡೂ ಕಡೆಯಿಂದ ಕಾಯುತ್ತದೆ. ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆಯ ತೆಳು ಪೊರೆ ಕಂಡರೆ ಅದು ಸೋರಿಕೆಯಲ್ಲ. ಹನಿ ಇಳಿದು ಒದ್ದೆಯಾಗಿದ್ದರೆ ಸೋರಿಕೆ. ಬುಶ್‌ನ ಮೇಲ್ಮೈಯಲ್ಲಿ ನವಿರು ಬಿರುಕು ವಯಸ್ಸಿನ ಗುರುತು. ರಬ್ಬರ್ ಉಕ್ಕಿನಿಂದ ಬಿಟ್ಟು ಬಂದಿದ್ದರೆ, ಸಲಾಕೆಯಿಂದ ಮೀಟಿದಾಗ ಆರ್ಮ್ ಸಲೀಸಾಗಿ ಸರಿದರೆ ಅದು ಸೋತಿದೆ. ‘ಹೋಗಿದೆ, ಹೊಸದು ಹಾಕಬೇಕು’ ಎಂದವರನ್ನು ‘ಎಲ್ಲಿ ಆಡುತ್ತಿದೆ, ತೋರಿಸಿ’ ಎಂದು ಕೇಳುವುದು ಅಪನಂಬಿಕೆಯಲ್ಲ. ಒಳ್ಳೆಯ ಮೆಕ್ಯಾನಿಕ್ ಅದನ್ನು ಸಂತೋಷದಿಂದ ತೋರಿಸುತ್ತಾನೆ.

ಈ ಹೊಣೆ ಮಾಲೀಕನ ಮೇಲೆಯೇ ಬೀಳಲು ಇನ್ನೊಂದು ಕಾರಣವಿದೆ. ಬ್ರಿಟನ್ 1960ರಲ್ಲಿ ಹಳೆಯ ವಾಹನಗಳ ಕಡ್ಡಾಯ ತಪಾಸಣೆ ಶುರು ಮಾಡಿದಾಗ ನೋಡಿದ್ದು ಮೂರೇ ಅಂಶ: ಬ್ರೇಕು, ದೀಪ, ಸ್ಟೀರಿಂಗ್. ಮೊದಲು ಹತ್ತು ವರ್ಷ ದಾಟಿದ ವಾಹನಗಳಿಗಿದ್ದ ಆ ನಿಯಮ ಕೆಲವೇ ವರ್ಷಗಳಲ್ಲಿ ಮೂರು ವರ್ಷಕ್ಕಿಳಿಯಿತು, ಆಮೇಲೆ ಪ್ರತಿ ವರ್ಷ ತಪಾಸಣೆ. ನಮ್ಮಲ್ಲಿ ಟ್ಯಾಕ್ಸಿ, ಬಸ್ಸು, ಲಾರಿಗಳಿಗೆ ಫಿಟ್ನೆಸ್ ಸರ್ಟಿಫಿಕೇಟ್ ಆಗಾಗ ಬೇಕು. ಸ್ವಂತ ಬಳಕೆಯ ಕಾರಿನ ನೋಂದಣಿ ಮಾತ್ರ ಹದಿನೈದು ವರ್ಷ ನಡೆಯುತ್ತದೆ, ಅಲ್ಲಿಯವರೆಗೆ ಅದರ ಕೀಲು ಮುಟ್ಟಿ ನೋಡಲೇಬೇಕೆಂದು ಯಾರೂ ಕರೆಯುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಸ್ಟೀರಿಂಗ್ ಆಟ 30 ಡಿಗ್ರಿ ಮೀರಬಾರದು ಎನ್ನುತ್ತವೆ. ಸಾಮಾನ್ಯ ಸ್ಟೀರಿಂಗ್‌ನ ಅಂಚಿನಲ್ಲಿ ಅದು ಒಂಬತ್ತು ಹತ್ತು ಸೆಂಟಿಮೀಟರ್. ರಸ್ತೆಗೆ ಇಳಿಯಬಾರದ ವಾಹನ ಯಾವುದು ಎಂದು ಹೇಳುವ ಗಡಿ ಅದು, ಆರೋಗ್ಯದ ಅಳತೆಗೋಲಲ್ಲ. ರ‍್ಯಾಕ್ ಇರುವ ಸಣ್ಣ ಕಾರಿನಲ್ಲಿ ಅದರ ಕಾಲು ಭಾಗ ಆಟ ಕಂಡರೂ ಕಾರಣ ಹುಡುಕುವುದು ಒಳಿತು.

ಹುಡುಕಾಟ ಶುರುವಾಗಲು ಗ್ಯಾರೇಜೂ ಬೇಕಿಲ್ಲ. ತಿಂಗಳಿಗೊಮ್ಮೆ, ಕಾರು ತಣ್ಣಗೆ ನಿಂತಿರುವಾಗ, ಮುಂದಿನ ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಸವರಬೇಕು: ಮೊದಲು ಹೊರಗಿನಿಂದ ಒಳಕ್ಕೆ, ಆಮೇಲೆ ಒಳಗಿನಿಂದ ಹೊರಕ್ಕೆ. ಎರಡೂ ಕಡೆ ಒಂದೇ ನುಣುಪು ಸಿಕ್ಕರೆ ಚಕ್ರ ನೇರ ನಡೆಯುತ್ತಿದೆ. ಒಳಕ್ಕೆ ಸವರುವಾಗ ನುಣುಪಾಗಿದ್ದು ಹೊರಕ್ಕೆ ಸವರುವಾಗ ಗರಗಸದ ಹಲ್ಲಿನಂತೆ ತಡೆದರೆ ಚಕ್ರ ಒಳಮುಖವಾಗಿ ಎಳೆದಾಡಿದೆ, ತದ್ವಿರುದ್ಧವಾದರೆ ಹೊರಮುಖವಾಗಿ. ಬಳಿಕ ಇನ್ನೊಂದು ಬದಿಯ ಟೈರನ್ನೂ ಹಾಗೆಯೇ ಸವರಿ ಎರಡನ್ನೂ ಹೋಲಿಸಬೇಕು. ಮೂರು ವರ್ಷ ದಿನವೂ ಸ್ಟೀರಿಂಗ್ ಹಿಡಿದು ಏನನ್ನೂ ಅರಿಯದೇ ಹೋದದ್ದೂ ಇದೇ ಅಂಗೈ. ಆಗ ಅದಕ್ಕೆ ಇಂದಿನ ಪಕ್ಕದಲ್ಲಿ ಇಟ್ಟು ನೋಡಲು ನಿನ್ನೆ ಸಿಕ್ಕಿರಲಿಲ್ಲ. ಈಗ ಟೈರ್ ಆ ಎಲ್ಲ ನಿನ್ನೆಗಳನ್ನೂ ಅದರ ಕೆಳಗೆ ಹಾಸಿಟ್ಟಿದೆ.